ಕೋಡಿಂಬಾಳದ ಧನಿಗಳಿಗೆ ಕುಡಿಸಿದ ಕ್ರೊವೇಷಿಯದ ವೈನು

ನನ್ನನ್ನು ಹೆಣ್ಣು ನೋಡಲು ಬಂದ ದಿನ ಹುಡುಗನ ದೊಡ್ಡಪ್ಪ ನನ್ನ ಅಪ್ಪ ಮಾಡಿದ ವೈನನ್ನು ಬಾಯಿಗೆ ಹಾಕಿಕೊಂಡು, ಮುಖ ಸಿಂಡರಿಸಿ, ಎದ್ದು ಹೋಗಿ ಅಂಗಳಕ್ಕೆ ಉಗುಳಿದರು. ನಾನು ಕೇಕಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ಅದು ಐವತ್ತರ ದಶಕದ ನಡುವಿನ ಮಾತು. ಅಪ್ಪನಿಗೆ ಪುತ್ತೂರಿನಲ್ಲಿ ಸಣ್ಣದೊಂದು ಬೇಕರಿ ಇತ್ತು. ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ. ಆದರೂ ಕ್ರಿಸ್ಮಸ್ಸಿಗೆಂದು ಅಪ್ಪ ಕಪ್ಪು ಒಣದ್ರಾಕ್ಷಿಯನ್ನು ಜಜ್ಜಿ, ಸಕ್ಕರೆ, ಒಂದು ಹಿಡಿ ಗೋಧಿ, ಬ್ರೆಡ್ಡಿಗೆ ಹಾಕುವ ಹುದುಗು ಸೇರಿಸಿ ಒಂದು ಭರಣಿ ವೈನು ಮಾಡುತ್ತಿದ್ದರು. ಹಬ್ಬದ ವೈನಲ್ಲವೇ ಎಂದು ಊರವರು, ಪೊಲೀಸರು ಎಲ್ಲರೂ ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು. ಆ ದಿನ ನೆಂಟರಾಗುವವರಿಗೆಂದು ಅಪ್ಪ ಅದರಲ್ಲೇ ಒಳ್ಳೆಯದನ್ನು ಬಸಿದು ತಂದಿದ್ದರು.

ಉಗುಳಿದವರು ಮುಂಬಯಿಯ ವಿದೇಶಿ ಕಂಪನಿಯೊಂದರಲ್ಲಿ ಬಹುಕಾಲ ದುಡಿದು, ಕೋಡಿಂಬಾಳದಲ್ಲಿ ರಬ್ಬರ್ ತೋಟ ಮಾಡಿಕೊಂಡಿದ್ದವರು. ಎಲ್ಲರೂ ಅವರನ್ನು ಧನಿಗಳು ಎಂದೇ ಕರೆಯುತ್ತಿದ್ದರು. ಡಾಕ್ಟರ ಚೀಟಿ ತೋರಿಸಿ ವಿದೇಶಿ ಮದ್ಯಕ್ಕೆ ಪರ್ಮಿಟ್ ಪಡೆದಿದ್ದರು. ಬಣ್ಣ ನೋಡಿ, ಮೂಸಿ, ಇದು ಇಂಥ ದೇಶದ್ದು ಎಂದು ಹೇಳುವ ನಾಲಿಗೆ ಇಡೀ ತಾಲೂಕಿನಲ್ಲಿ ತಮಗೊಬ್ಬರಿಗೇ ಇದೆ ಎಂಬ ಹಮ್ಮು ಅವರದು.

“ಎಂತ ಮಾರಾಯ ಇದು? ವೈನಾ, ಹಳಸಿದ ಕಷಾಯವಾ?”

“ಮನೆಯದ್ದು, ಧನಿಗಳೇ,” ಎಂದು ಅಪ್ಪ ನಕ್ಕರು. ಆ ಉಗುಳಿಗಿಂತ ಅಪ್ಪನ ಆ ನಗು ನನ್ನನ್ನು ಹೆಚ್ಚು ಚುಚ್ಚಿತು.

ಮೆಟ್ಟಿಲಿಳಿಯುವಾಗ ಅವರು ತಮ್ಮನಿಗೆ, ಅಂದರೆ ಹುಡುಗನ ಅಪ್ಪನಿಗೆ, ನಮಗೆಲ್ಲ ಕೇಳುವ ಹಾಗೆ ಹೇಳಿದರು: “ಇಂಥದ್ದನ್ನು ಮರ್ಯಾದೆ ಅಂತ ಕೊಡುವ ಮನೆಯಿಂದ ಹೆಣ್ಣು ತರುದಾ?”

ಅಲ್ಲಿಗೇ ನಿಂತಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಒಂದು ವಾರದೊಳಗೆ ಪೊಲೀಸರು ಬಂದು ಭರಣಿಯನ್ನು ಎತ್ತಿಕೊಂಡು ಅಪ್ಪನನ್ನೂ ಕರೆದೊಯ್ದರು. ಬೆಳಗಿನಿಂದ ಸಂಜೆಯ ತನಕ ಅಪ್ಪ ಠಾಣೆಯ ಹೊರಗಿನ ಬೆಂಚಿನಲ್ಲಿ, ಬಸ್ಸಿಗೆ ಹೋಗುವವರೆಲ್ಲ ನೋಡುವ ಹಾಗೆ, ಕೂತಿದ್ದರು. ನಮ್ಮಲ್ಲಿಗೆ ದಿನಾ ಬನ್ನಿಗೆ ಬರುತ್ತಿದ್ದ ಪೇದೆಯೊಬ್ಬ ಅಮ್ಮನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ: “ದೂರು ಕೋಡಿಂಬಾಳದಿಂದ ಬಂದದ್ದು, ಬಾಯಮ್ಮ. ಬರೆದು ಕೊಟ್ಟ ಮೇಲೆ ನಾವೆಂತ ಮಾಡುದು?”

ಅಪ್ಪ ಮತ್ತೆ ವೈನು ಮಾಡಲಿಲ್ಲ. ಠಾಣೆಗೆ ಹೋಗಿ ಬಂದವರ ಮಗಳು ಎಂದು ನಾಲ್ಕು ವರ್ಷ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಆ ನಾಲ್ಕು ವರ್ಷ ನಾನು ಪ್ರತಿ ಆದಿತ್ಯವಾರ ಇಗರ್ಜಿಯ ಪೂಜೆಯಲ್ಲಿ ಮೊಣಕಾಲೂರಿ ಆ ಮನುಷ್ಯನಿಗೆ ಕೆಟ್ಟದ್ದನ್ನೇ ಬೇಡಿದ್ದೇನೆ. ಸುಳ್ಳು ಹೇಳಲಾರೆ.

ಕೊನೆಗೆ ನನ್ನನ್ನು ಮದುವೆಯಾದವರು ಸುಳ್ಯದವರು, ಹಡಗಿನಲ್ಲಿ ಬಂಡಾರಿ, ಎಂದರೆ ಅಡುಗೆಯವರು. ನನಗಿಂತ ಹದಿಮೂರು ವರ್ಷ ದೊಡ್ಡವರು, ಮಾತು ಕಡಿಮೆ, ಕೈರುಚಿ ಜಾಸ್ತಿ. ಅರವತ್ತರ ಆರಂಭದಲ್ಲಿ ಒಂದು ಸಲ ಊರಿಗೆ ಬಂದವರು ಉಣ್ಣೆಯ ಅಂಗಿಯೊಳಗೆ ಸುತ್ತಿದ ಒಂದು ಬಾಟಲಿಯನ್ನು ಪೆಟ್ಟಿಗೆಯಿಂದ ತೆಗೆದರು. ಮುಂಬಯಿ ಬಂದರಿನಲ್ಲಿ ಅದನ್ನು ಹೇಗೆ ದಾಟಿಸಿದರೋ, ನಾನು ಕೇಳಲಿಲ್ಲ.

“ಸ್ಪ್ಲಿಟ್ ಅಂತ ಒಂದು ಬಂದರು ಉಂಟು. ಅಲ್ಲಿಂದ ತಂದದ್ದು.” ಆಗ ಆ ದೇಶವನ್ನು ಯುಗೊಸ್ಲಾವಿಯ ಎನ್ನುತ್ತಿದ್ದರು. ಆದರೆ ಬಂದರಿನ ಜನ ತಾವು ಕ್ರೊವೇಷಿಯದವರು ಎಂದೇ ಹೇಳಿಕೊಳ್ಳುತ್ತಿದ್ದರಂತೆ. ದ್ರಾಕ್ಷಿಯ ಹೆಸರು ಪ್ಲಾವಾಚ್ ಮಾಲಿ, ಅಂದರೆ ಪುಟ್ಟ ನೀಲಿ. ಬೇರೆಲ್ಲಿಂದಲೋ ತಂದು ನೆಟ್ಟದ್ದಲ್ಲ, ಆ ಮಣ್ಣಿನದೇ ತಳಿ. ಕಡಲಿಗೆ ಇಳಿಯುವ ಕಲ್ಲುಗುಡ್ಡದಲ್ಲಿ, ನೆರಳೇ ಇಲ್ಲದ ಕಡೆ ಬೆಳೆಯುತ್ತದೆಂದು ಅವರು ವಿವರಿಸಿದರು.

ಪೂಜೆ ಮುಗಿಸಿ ಬಂದ ಆದಿತ್ಯವಾರ ಮಧ್ಯಾಹ್ನ ಹಂದಿ ಮಾಂಸದ ಸಾರಿನ ಜೊತೆ ಅದನ್ನು ತೆರೆದೆವು. ಗಾಜಿನ ಲೋಟಕ್ಕೆ ಬಿದ್ದಾಗ ನೇರಳೆ ಹಣ್ಣಿನ ರಸದಷ್ಟು ಕಪ್ಪು. ಮೊದಲ ಗುಟುಕಿಗೆ ನಾನು ಬೆಚ್ಚಿದೆ; ಸಿಹಿ ಇರಬಹುದು ಎಂದುಕೊಂಡಿದ್ದೆ, ಅದರ ಸುಳಿವೇ ಇರಲಿಲ್ಲ. ನಾಲಿಗೆಯನ್ನು ಎರಡೂ ಕಡೆಯಿಂದ ಹಿಡಿದುಕೊಂಡ ಹಾಗೆ ಒಗರು. ಎರಡನೆಯ ಗುಟುಕಿಗೆ ಆ ಒಗರಿನ ಹಿಂದೆ ಒಣಗಿದ ಅಂಜೂರ, ಬಿಸಿಲಿಗೆ ಕಾದ ಕಲ್ಲಿನ ವಾಸನೆ, ಒಂದು ಚೂರು ಉಪ್ಪು. ಸಾರಿನ ಜಿಡ್ಡನ್ನು ಅದು ತೊಳೆದುಕೊಂಡು ಹೋಗುತ್ತಿತ್ತು, ಬಾಯಿ ಮತ್ತೆ ಸಾರು ಕೇಳುತ್ತಿತ್ತು.

“ಹೇಗುಂಟು?”

“ಅಡಿಕೆಯ ಚೊಗರಿನ ಹಾಗುಂಟು ಮಾರಾಯ್ರೆ. ಆದರೆ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ.”

ಅವರು ಜೋರಾಗಿ ನಕ್ಕರು. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರೇ ಚೊಗರು. ಅದನ್ನು ಬಲ್ಲವರಿಗೆ ನಾನು ಹೇಳಿದ್ದು ಅರ್ಥವಾಗುತ್ತದೆ. ಮೂರು ಮಧ್ಯಾಹ್ನ, ಇಬ್ಬರೂ ಕೂತು, ಆ ಬಾಟಲಿಯನ್ನು ಕೊನೆಯ ಹನಿಯ ತನಕ ಕುಡಿದೆವು. ಮದುವೆಯಾಗಿ ನಾವು ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಅಪ್ಪ ಬೆಂಚಿನಲ್ಲಿ ಕೂತ ದಿನದ ಕಥೆಯನ್ನು ಅವರಿಗೆ ಹೇಳಿದ್ದೂ ಆಗಲೇ.

ತಿಂಗಳೊಳಗೆ ಕೋಡಿಂಬಾಳದ ಧನಿಗಳು ತಾವಾಗಿಯೇ ನಮ್ಮ ಜಗಲಿಗೆ ಬಂದರು. ಹಡಗಿನವರ ಮನೆ ಎಂದು ಯಾರೋ ಹೇಳಿದ್ದರಂತೆ. “ವಿದೇಶದ್ದು ಎಂತಾದ್ರೂ ಉಂಟಾ?” ಎಂದು ನನ್ನ ಗಂಡನನ್ನು ಕೇಳಿದರು. ಕಾಫಿ ತಂದ ನನ್ನ ಮುಖವನ್ನು ನೋಡಿದರು, ಗುರುತು ಸಿಗಲಿಲ್ಲ. ನನ್ನ ನಾಲ್ಕು ವರ್ಷ ತಿಂದ ಮನುಷ್ಯನಿಗೆ ನನ್ನ ಮುಖ ನೆನಪಿರಲಿಲ್ಲ.

“ಕ್ರೊವೇಷಿಯದ ಕೆಂಪು ವೈನು ಒಂದು ಬಾಟಲಿ ಉಂಟು,” ಎಂದು ನಾನೇ ಹೇಳಿದೆ. “ಕ್ರಿಸ್ಮಸ್ ಕಳೆದ ಮೇಲೆ ಬನ್ನಿ. ತಮ್ಮನವರನ್ನೂ ಕರ್ಕೊಂಡು ಬನ್ನಿ.”

ಗಂಡ ನನ್ನ ಕಡೆ ನೋಡಿದರು.

ಮರುದಿನವೇ ಅಪ್ಪನ ಲೆಕ್ಕದಂತೆ ಒಣದ್ರಾಕ್ಷಿ ಹಾಕಿದೆ. ಸಕ್ಕರೆ ಅರ್ಧಕ್ಕಿಳಿಸಿದೆ. ಬಸಿದ ಮೇಲೆ ರುಚಿ ನೋಡಿದರೆ ಬಣ್ಣ ತೆಳು, ಒಗರಿಲ್ಲ. ನಾಲಿಗೆಯಲ್ಲಿ ಇನ್ನೂ ಉಳಿದಿದ್ದ ಆ ಪುಟ್ಟ ನೀಲಿಯನ್ನು ನೆನೆಸಿಕೊಂಡು, ನೆರೆಮನೆಯವರು ಅಡಿಕೆ ಬೇಯಿಸಿದ ಹಂಡೆಯಿಂದ ಚೊಗರು ತಂದು, ಸೋಸಿ, ಚಮಚ ಚಮಚವಾಗಿ ಬೆರೆಸಿದೆ. ಒಂದು ಹರಳು ಉಪ್ಪು. ನಾವು ಕುಡಿದು ಮುಗಿಸಿದ್ದ ಆ ಖಾಲಿ ಬಾಟಲಿಗೆ ತುಂಬಿ, ಬಿರಡೆ ಜಡಿದು, ಪಾರ್ಸೆಲ್ಲಿಗೆ ಹಾಕುವ ಕೆಂಪು ಅರಗು ಕರಗಿಸಿ ಮುದ್ರೆ ಮಾಡಿದೆ.

ಅಣ್ಣತಮ್ಮಂದಿರು ಬಂದ ದಿನ ಅಪ್ಪನನ್ನು ಪುತ್ತೂರಿನಿಂದ ಕರೆಸಿ ಒಳಗೆ ಕೂರಿಸಿದ್ದೆ. ಧನಿಗಳು ಬಾಟಲಿಗೆ ಅಂಟಿಸಿದ್ದ ಚೀಟಿಯ ಅಕ್ಷರಗಳ ಮೇಲೆ ಬೆರಳಾಡಿಸಿದರು. ಲೋಟವನ್ನು ಬೆಳಕಿಗೆ ಹಿಡಿದರು. ಮೂಸಿದರು. ಗುಟುಕನ್ನು ಬಾಯಲ್ಲಿ ಹೊರಳಿಸಿ ಕಣ್ಣು ಮುಚ್ಚಿದರು.

“ನೋಡು, ಇದು ವೈನು ಅಂದ್ರೆ,” ಎಂದು ತಮ್ಮನಿಗೆ ಹೇಳಿದರು. “ಕಡಲಿನ ಗಾಳಿ ಉಂಟು ಇದರಲ್ಲಿ. ಈ ಒಗರು ಉಂಟಲ್ಲ, ಇದು ನಮ್ಮ ಊರಲ್ಲಿ ಹುಟ್ಟುವಂಥದ್ದಲ್ಲ.”

ಎರಡನೆಯ ಲೋಟವನ್ನೂ ಖಾಲಿ ಮಾಡಲು ಬಿಟ್ಟೆ. ಆಮೇಲೆ ಅಪ್ಪನನ್ನು ಹೊರಗೆ ಕರೆದೆ.

“ಇವರ ಗುರುತು ಉಂಟಾ, ಧನಿಗಳೇ? ಪುತ್ತೂರಿನ ಬೇಕರಿಯವರು. ನೀವು ಕುಡಿದದ್ದು ಇವರ ವೈನು. ಮಾಡಿದ್ದು ನಾನು. ಬಾಟಲಿ ಮಾತ್ರ ಕ್ರೊವೇಷಿಯದ್ದು. ಒಗರು ನೆರೆಮನೆಯ ಅಡಿಕೆ ಹಂಡೆಯದ್ದು.”

ಅವರ ಮುಖ ಕಪ್ಪಿಟ್ಟಿತು. “ಪೊಲೀಸಿಗೆ ಹೇಳ್ತೇನೆ,” ಎಂದರು.

“ಹೇಳಿ. ಪರ್ಮಿಟ್ ಇಲ್ಲದ ಮನೆಯಲ್ಲಿ ಎರಡು ಲೋಟ ಕುಡಿದದ್ದನ್ನೂ ಸೇರಿಸಿ ಬರೀರಿ. ಸಾಕ್ಷಿಗೆ ನಿಮ್ಮ ತಮ್ಮ ಉಂಟಲ್ಲ.”

ತಮ್ಮ ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಣ್ಣ ಧಡಧಡನೆ ಇಳಿದು ಹೋದ ಮೇಲೂ ಅವರು ಎದ್ದು ಹೋಗಲಿಲ್ಲ. ಲೋಟ ಮುಂದೆ ಚಾಚಿ, “ಇನ್ನು ಸ್ವಲ್ಪ ಉಂಟಾ, ಬಾಯಮ್ಮ?” ಎಂದು ಕೇಳಿದರು. ಕಡಬದ ತನಕ ಕಥೆ ಹಬ್ಬಿಸಿದವರೂ ಅವರೇ. ಆಮೇಲೆ ಯಾವ ಮದುವೆಯ ಮನೆಯಲ್ಲಿ ಶರಬತ್ತು ಕೊಟ್ಟರೂ ಧನಿಗಳನ್ನು, “ಇದು ಯಾವ ದೇಶದ್ದು, ಹೇಳಿ ನೋಡುವಾ,” ಎಂದು ಕೇಳುವವರು ಒಬ್ಬರಾದರೂ ಇರುತ್ತಿದ್ದರು. ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ಪ್ರತಿ ಸಲ ಆ ಸುದ್ದಿ ಕೇಳಿದಾಗಲೂ ನನಗೆ ಹೊಟ್ಟೆ ತಂಪಾಗುತ್ತಿತ್ತು.

ಅಪ್ಪ ಮಾತ್ರ ಆ ದಿನ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು, ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, “ಚೊಗರು ಅರ್ಧ ಚಮಚ ಜಾಸ್ತಿಯಾಯ್ತು, ಮಗಾ,” ಎಂದಷ್ಟೇ ಹೇಳಿದರು.

ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋದಾಗ ಪಾದ್ರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಮ್ಮಿದರೋ, ನಗು ತಡೆದರೋ, ಜಾಲರಿಯಾಚೆ ಕಾಣಿಸಲಿಲ್ಲ.

“ಪಶ್ಚಾತ್ತಾಪ ಉಂಟಾ?” ಎಂದು ಕೇಳಿದರು.

“ಇಲ್ಲ, ಫಾದರ್.”

“ಹಾಗಾದ್ರೆ ನಾನೆಂತ ಕ್ಷಮಿಸುದು? ಪಶ್ಚಾತ್ತಾಪ ಬಂದ ಮೇಲೆ ಬಾ.”

ಸರಿ ಎಂದು ಎದ್ದು ಬಂದೆ. ಹೊರಗೆ ನಮ್ಮ ಮನೆಯ ಕಡೆಗೆ ಹೋಗುವ ಸುಬ್ರಹ್ಮಣ್ಯದ ಬಸ್ಸು ಹೊರಡುವುದರಲ್ಲಿತ್ತು, ಓಡಿ ಹತ್ತಿಕೊಂಡೆ.