ಪಿಜಿನ್ ಬಿಡಿಸಿದವಳು

ಕಳೆದ ತಿಂಗಳು ಮಗಳು ಯಾರದೋ ಹುಟ್ಟುಹಬ್ಬಕ್ಕೆ ಹೋಗಿ ಬರುವಾಗ ಒಂದು ರಬ್ಬರ್ ತಂದಿದ್ದಳು. ಸ್ಟ್ರಾಬೆರಿ ಪರಿಮಳದ್ದು. ಮೂಡುಬಿದಿರೆಯ ನಮ್ಮ ಮನೆಯ ಊಟದ ಮೇಜಿನಲ್ಲಿ ಕೂತು ಅವಳು ಲೆಕ್ಕ ಬರೆದು ಅಳಿಸುತ್ತಿದ್ದಳು, ನಾನು ಪಕ್ಕದಲ್ಲಿ ಅಲಸಂಡೆ ಹೆಚ್ಚುತ್ತಿದ್ದೆ. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕೈ ನಿಂತಿತು.

ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಕಂಪಾಸು ಪೆಟ್ಟಿಗೆಯಲ್ಲಿ ಇಂಥದೇ ರಬ್ಬರ್ ಇರುತ್ತಿತ್ತು. ಅವಳ ಅಪ್ಪ ಸೌದಿಯ ದಮ್ಮಾಮಿನಲ್ಲಿದ್ದರು, ರಜೆಗೆ ಬಂದಾಗಲೆಲ್ಲ ತರುತ್ತಿದ್ದರು. ಅವಳು ಕಕ್ಕಿಂಜೆಯಿಂದ ಬಸ್ಸಿನಲ್ಲಿ ಬೆಳ್ತಂಗಡಿಯ ನಮ್ಮ ಶಾಲೆಗೆ ಬರುತ್ತಿದ್ದಳು. ಬಹಳ ಮಾತಿನವಳಲ್ಲ. ಆದರೆ ಚಿತ್ರ ಬಿಡಿಸಲು ಕೂತರೆ ಗಂಟೆ ಹೊಡೆದದ್ದೂ ತಿಳಿಯುತ್ತಿರಲಿಲ್ಲ. ನನಗೆ ಚಿತ್ರ ಬಾರದು, ಕಥೆ ಕಟ್ಟುವ ಚಟ ಮಾತ್ರ ಇತ್ತು. ಹಾಗೆ ನಾವಿಬ್ಬರೂ ಸೇರಿ ನೂರು ಪುಟದ ಒಂದು ನೋಟ್ ಬುಕ್ಕಿನಲ್ಲಿ ನಮ್ಮದೇ ಚಿತ್ರಕಥೆ ಶುರುಮಾಡಿದೆವು.

ನಮ್ಮೂರ ಹತ್ತಿರದ ಗಡಾಯಿಕಲ್ಲು ಬೆಟ್ಟದ ನೆತ್ತಿಯ ಮೇಲೆ ವಾಸಿಸುವ, ಹೆಗಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಹಾರುವ ಕಲ್ಲುವೀರ ನನ್ನ ಸೃಷ್ಟಿ. ಅವನ ಜೊತೆಗಾರ್ತಿ, ಹದಿನೈದು ವರ್ಷದ ಹುಡುಗಿ, ಅವಳದ್ದು. ಹೆಸರು ಪಿಜಿನ್. ತುಳುವಿನಲ್ಲಿ ಇರುವೆ ಎಂದರ್ಥ. ಬೇಕಾದಾಗ ಇರುವೆಯಷ್ಟು ಸಣ್ಣಗಾಗುವುದೊಂದೇ ಅವಳ ಶಕ್ತಿ. ಪ್ರತಿ ಕಥೆಯಲ್ಲೂ ಕಲ್ಲುವೀರ ಎಲ್ಲೋ ಸಿಕ್ಕಿಬೀಳುತ್ತಿದ್ದ. ಪಿಜಿನ್ ಬೀಗದ ತೂತಿನಿಂದ ಒಳಗೆ ನುಸುಳಿ ಅವನನ್ನು ಬಿಡಿಸುತ್ತಿದ್ದಳು. ಕೊನೆಯ ಪುಟದಲ್ಲಿ ಊರವರೆಲ್ಲ ಸೇರಿ ಕಲ್ಲುವೀರನಿಗೆ ಹಾರ ಹಾಕುತ್ತಿದ್ದರು.

ಒಮ್ಮೆ ನಾನು, "ಇವಳಿಗೂ ಒಂದು ಹಾರ ಹಾಕಿಸುವ" ಎಂದೆ.

"ಬೇಡ ಮಾರಾಯ್ತಿ" ಎಂದಳು. "ಹಾರ ಹಾಕಿದ್ರೆ ಎಲ್ಲರಿಗೂ ಇವಳ ಗುರುತು ಸಿಗ್ತದೆ. ಮತ್ತೆ ಒಳಗೆ ನುಗ್ಲಿಕ್ಕೆ ಆಗ್ತದಾ?"

ನೋಟ್ ಬುಕ್ಕು ಬೆಂಚಿನಿಂದ ಬೆಂಚಿಗೆ ಓಡಾಡುತ್ತಿತ್ತು. ಹುಡುಗರೂ ಕೇಳಿ ಪಡೆದು ಓದುತ್ತಿದ್ದರು. ಆ ಹೆಮ್ಮೆಯೇ ನನ್ನನ್ನು ಹಾಳುಮಾಡಿತೋ ಏನೋ...

ನಮ್ಮ ಗಣಿತದ ಮಾಷ್ಟ್ರು ಉಗ್ಗುತ್ತಿದ್ದರು. ಒಳ್ಳೆಯವರು, ಕೋಲು ಹಿಡಿದವರಲ್ಲ. ಆದರೆ ನನ್ನ ಅಪ್ಪ ಶಾಲೆಯ ಕಮಿಟಿಯಲ್ಲಿದ್ದರು. ಮೀಟಿಂಗಿಗೆ ಬಂದಿದ್ದ ಅಪ್ಪನ ಹತ್ತಿರ ಮಾಷ್ಟ್ರು ನನ್ನ ಅರ್ಧವಾರ್ಷಿಕದ ಅಂಕದ ವಿಷಯ ಹೇಳಿದರು. ಮನೆಯಲ್ಲಿ ನನಗೆ ಚೆನ್ನಾಗಿ ಬಿತ್ತು. ಮರುದಿನವೇ ನನ್ನ ಹೊಸ ಕಥೆಯಲ್ಲಿ ಉಗ್ಗಾಸುರನೆಂಬ ರಾಕ್ಷಸ ಹುಟ್ಟಿದ. ಮಾಷ್ಟ್ರ ಕನ್ನಡಕ, ಮಾಷ್ಟ್ರ ಕೊಡೆ, ಮಾಷ್ಟ್ರ ಮಾತು.

ಕೇಳಿ ಅವಳು ಪೆನ್ಸಿಲ್ ಕೆಳಗಿಟ್ಟಳು. "ಇದು ಬೇಡ. ಅವರು ಬೇಕೂಂತ ಹಾಗೆ ಮಾತಾಡುವುದಲ್ಲ."

"ಕಥೆ ನನ್ನದಲ್ವಾ? ನೀನು ಚಿತ್ರ ಬಿಡಿಸು, ಸಾಕು."

ಅವಳು ಬಿಡಿಸಿದಳು. ನನ್ನ ಅಕ್ಷರ ಚೆನ್ನಾಗಿಲ್ಲವೆಂದು ಮಾತುಗಳನ್ನು ಬರೆಯುವವಳೂ ಅವಳೇ. ಹೀಗೆ ಆ ಪುಟಗಳಲ್ಲಿ ನನ್ನ ಕೈಯ ಗುರುತು ಒಂದೂ ಇರಲಿಲ್ಲ.

ಒಂದು ದಿನ ಹೋಂವರ್ಕಿನ ಪುಸ್ತಕಗಳ ಜೊತೆ ಆ ನೋಟ್ ಬುಕ್ಕೂ ಮಾಷ್ಟ್ರ ಮೇಜಿಗೆ ಹೋಯಿತು. ಅವರು ಕಿಟಕಿಯ ಹತ್ತಿರ ನಿಂತು ಒಂದೊಂದೇ ಪುಟ ಮಗುಚಿದರು. ಪೂರ್ತಿ ಓದಿದರು.

"ಇ... ಇದು ಯಾರದ್ದು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ಎದ್ದು ನಿಂತಳು. "ನನ್ನದು ಸರ್."

"ಒ... ಒಬ್ಬಳದ್ದೇಯಾ?"

ಅವಳು ಕರಿಹಲಗೆಯ ಕಡೆ ಮುಖ ತಿರುಗಿಸಿದಳು. ಮಾಷ್ಟ್ರು ನನ್ನ ಕಡೆ ತಿರುಗಿ, ನಿನಗೆ ಗೊತ್ತುಂಟಾ ಎಂದು ಕೇಳಿದರು. ಇಡೀ ಕ್ಲಾಸಿಗೆ ಗೊತ್ತಿತ್ತು. ಕಮಿಟಿಯವರ ಮಗಳ ಹೆಸರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟೆ.

"ಇಲ್ಲ ಸರ್. ನಾನು ಅದನ್ನು ನೋಡಿಯೇ ಇಲ್ಲ" ಎಂದೆ.

ಅವಳು ನನ್ನನ್ನು ತಿರುಗಿ ನೋಡಲಿಲ್ಲ. ಕರಿಹಲಗೆಯನ್ನೇ ನೋಡುತ್ತಿದ್ದಳು. ಮಾಷ್ಟ್ರು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿದರು...

ವಿಷಯ ಹೆಡ್‌ಮಾಷ್ಟ್ರ ತನಕ ಹೋಯಿತು. ಮಂಗಳೂರಿನ ಚಿತ್ರಸ್ಪರ್ಧೆಗೆ ಹೋಗುವವರ ಪಟ್ಟಿಯಿಂದ ಅವಳ ಹೆಸರು ತೆಗೆದರು. ಮನೆಯವರನ್ನು ಕರೆತರಲು ಹೇಳಿದರು. ಅಪ್ಪ ಊರಲ್ಲಿಲ್ಲದ್ದರಿಂದ ಅವಳ ಮಾವ ಬಂದರು. ಕಕ್ಕಿಂಜೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಹೆಡ್‌ಮಾಷ್ಟ್ರ ಎದುರು ಅವರು ಕೈಕಟ್ಟಿ ನಿಂತದ್ದು ನಮ್ಮ ಕ್ಲಾಸಿನ ಕಿಟಕಿಗೆ ಕಾಣುತ್ತಿತ್ತು. ನಾನು ಸಮಾಜದ ಪುಸ್ತಕ ತೆರೆದು ಓದುವಂತೆ ತಲೆ ತಗ್ಗಿಸಿದೆ.

ಪರೀಕ್ಷೆಯವರೆಗೆ ಅವಳು ನನ್ನ ಪಕ್ಕವೇ ಕೂತಳು. ನಾನು ಬಂದರೆ ಸರಿದು ಜಾಗ ಕೊಡುತ್ತಿದ್ದಳು. ಸ್ಕೇಲ್ ಕೇಳಿದರೆ ಕೊಡುತ್ತಿದ್ದಳು. ಮಾತು ಮಾತ್ರ ಇಲ್ಲ. ಬೈದಿದ್ದರೆ ನಾನು ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಆ ಬೇಸಿಗೆಯಲ್ಲಿ ಅವಳು ಬಂಟ್ವಾಳದಲ್ಲಿ ಅಜ್ಜಿಮನೆಯ ಹತ್ತಿರದ ಶಾಲೆಗೆ ಸೇರಿದಳೆಂದು ಯಾರೋ ಹೇಳಿದರು. ಬೆಳ್ತಂಗಡಿಯಿಂದ ಬಂಟ್ವಾಳ ಎಷ್ಟು ದೂರ? ಒಂದು ಬಸ್ಸು ಹತ್ತಿದರೆ ಸಾಕಿತ್ತು. ಇಪ್ಪತ್ತೈದು ವರ್ಷ ನಾನು ಹತ್ತಲಿಲ್ಲ.

ಮಗಳು ಆ ರಬ್ಬರ್ ತಂದ ವಾರ, ಭಾನುವಾರ, ಕಕ್ಕಿಂಜೆಗೆ ಹೋದೆ. ಅಂಗಡಿ ಅಲ್ಲೇ ಇತ್ತು. ಮಾವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವಳ ಕ್ಲಾಸಿನವಳೆಂದು ಹೇಳಿ ಫೋನ್ ನಂಬರ್ ಕೇಳಿದೆ.

"ಅವಳು ಹೋಗಿ ಮೂರು ವರ್ಷ ಆಯ್ತಲ್ಲ" ಎಂದರು. "ಕಿಡ್ನಿಯ ತೊಂದರೆ ಇತ್ತು. ನಿಮಗೆ ಗೊತ್ತಾಗ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ, ದೊಡ್ಡವಳಾದ ಮೇಲೆ ಚಿತ್ರ ಬಿಡಿಸುತ್ತಿದ್ದಳಾ ಎಂದು ಕೇಳಿದೆ.

"ಚಿತ್ರವಾ? ಇಲ್ಲ. ಶಾಲೆಯಲ್ಲಿ ಏನೋ ಒಂದು ಆಗಿತ್ತು. ಮತ್ತೆ ಪೆನ್ಸಿಲ್ ಹಿಡಿದದ್ದು ನಾನು ಕಾಣ್ಲಿಲ್ಲ."

ಆಗ ಹೇಳಿಬಿಟ್ಟೆ. ಕಥೆ ನನ್ನದೆಂದೂ, ಬೇಡವೆಂದವಳು ಅವಳೆಂದೂ, ಕೇಳಿದಾಗ ನಾನು ಸುಳ್ಳು ಹೇಳಿದೆನೆಂದೂ ಎಲ್ಲವನ್ನೂ. ಹೇಳಿದರೆ ನನ್ನ ಭಾರ ಇಳಿದೀತು ಎಂದುಕೊಂಡಿದ್ದೆನೇ ಹೊರತು, ಕೇಳಿದವರ ಮೇಲೆ ಅದು ಎಲ್ಲಿ ಬೀಳುತ್ತದೆಂದು ಯೋಚಿಸಿರಲಿಲ್ಲ.

ಅವರು ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತಾ ನಿಂತರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಾನು ಅವಳಿಗೆ ಹೊಡೆದಿದ್ದೆ" ಎಂದರು. "ನಿನ್ನ ಜೊತೆ ಯಾರಿದ್ರು ಹೇಳು ಅಂತ ಕೇಳಿದ್ದು. ಯಾರೂ ಇಲ್ಲ, ನಾನೊಬ್ಬಳೇ ಅಂದಳು. ಸುಳ್ಳು ಹೇಳ್ತಾಳೆ ಅಂತ ಇನ್ನೂ ಒಂದು ಹೊಡೆದೆ. ಅವಳ ಮೇಲೆ ಕೈ ಎತ್ತಿದ್ದು ಅದೊಂದೇ ಸಲ." ಆಮೇಲೆ ನನ್ನ ಮುಖ ನೋಡದೆ, "ಅವಳು ಇರುವಾಗ ಬರಬಹುದಿತ್ತಲ್ಲ ನೀವು" ಎಂದರು.

ಯಾರೋ ಸಕ್ಕರೆ ಕೇಳಿಕೊಂಡು ಬಂದರು, ಅವರು ಒಳಗೆ ತಿರುಗಿದರು. ಬೆಳ್ತಂಗಡಿಯ ಬಸ್ಸು ನಿಲ್ಲುವುದು ಆ ಅಂಗಡಿಯ ಎದುರಿಗೇ. ನಾನು ರಸ್ತೆ ದಾಟಿ ಬಿಸಿಲಲ್ಲಿ ನಿಂತೆ. ಬಸ್ಸು ಬರಲು ಮುಕ್ಕಾಲು ಗಂಟೆಯಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರು ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು, ನನ್ನ ಪಕ್ಕ ಮರದ ನೆರಳಿನಲ್ಲಿಟ್ಟು ಹಿಂದಿರುಗಿ ಹೋದರು.

ಬಸ್ಸು ಬರುವವರೆಗೂ ನಾನು ಆ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದೆ.