ವಾಲ್ವಿನ ಮುಂದೆ ಕೂತ ಅತ್ತೆ

ನಮ್ಮ ಸೋದರತ್ತೆಯ ಸೊಂಟದಲ್ಲಿ ಎಲೆಅಡಿಕೆ ಚೀಲದ ಪಕ್ಕ ಮಣ್ಣಿನ ತೇವ ಅಳೆಯುವ ಕಡ್ಡಿಯೊಂದು ಸದಾ ಸಿಕ್ಕಿಕೊಂಡಿರುತ್ತಿತ್ತು. ಕಂಡವರ ಹೂಕುಂಡಕ್ಕೆಲ್ಲ ಅದನ್ನು ಚುಚ್ಚಿ ನೋಡುವಳು. "ಬುಟ್ರೆ ಉಣ್ಣೋ ಮುದ್ದೇಗೂ ಚುಚ್ತಾಳೆ" ಎಂದು ಮಾವ ರೇಗಿಸುತ್ತಿದ್ದರು.

ಕಿರುಗಾವಲಿನ ನಮ್ಮ ಕಡೆ ಮೊದಲು ಪಾಲಿಹೌಸ್ ಕಟ್ಟಿದವಳು ಅವಳೇ. ಕಡ್ಡಿಯಲ್ಲದೆ ಅಲ್ಲಿ ತೇವ ಅಳೆಯುವ ಇನ್ನೆರಡು ಯಂತ್ರಗಳಿದ್ದವು. ಒಂದು, ನೀರು ತುಂಬಿದ ಕೊಳವೆ; ಅದರ ತಲೆಯ ಮೇಲೆ ಗಡಿಯಾರದಂಥ ಮುಳ್ಳು. ಇನ್ನೊಂದು, ಫೋನಿಗೆ ಸುದ್ದಿ ಕಳಿಸುವ ಸೆನ್ಸರ್. ಅದಕ್ಕೆ ಅವಳಿಟ್ಟ ಹೆಸರು ಚಾಡಿಕೋರ. ಮೂರನ್ನೂ ಕೇಳದೆ ಅವಳು ನೀರು ಬಿಟ್ಟವಳಲ್ಲ.

ನಾವೋ ನಾಲೆ ನೀರಿನವರು. ನೀರು ಬಂದಾಗ ಗದ್ದೆ ತುಂಬಾ ಕಟ್ಟಿಕೊಳ್ಳುವುದೇ ನಮ್ಮ ಬೇಸಾಯ. ಮತ್ತೆ ಯಾವಾಗ ಬಿಡುತ್ತಾರೋ ಯಾರಿಗೆ ಗೊತ್ತು. ಕಬ್ಬು ಬಿಟ್ಟು ನಾನೂ ಪಾಲಿಹೌಸಿನಲ್ಲಿ ದಪ್ಪ ಮೆಣಸಿನಕಾಯಿ ಇಟ್ಟಾಗ ಅದೇ ಬುದ್ಧಿ ಜೊತೆಗೇ ಬಂತು. ಹೂ ಕಟ್ಟುವ ಹೊತ್ತಿಗೆ ಗಿಡಗಳು ಸೊರಗಿ ತಲೆ ಬಗ್ಗಿಸಿದವು. ನನ್ನ ಸೆನ್ಸರ್ ಮಣ್ಣು ಒಣಗಿದೆ ಎನ್ನುತ್ತಿತ್ತು. ನೀರು ಬಿಟ್ಟಷ್ಟೂ ಇನ್ನಷ್ಟು ಸೊರಗಿದವು. ಮೊದಲ ಬೆಳೆಯೇ ಕೈಕೊಟ್ಟರೆ ಪಾಲಿಹೌಸ್ ಬಿಚ್ಚಿಸುತ್ತೇನೆ ಎಂದು ಅಪ್ಪ ಹೇಳಿಯಾಗಿತ್ತು. ನಾನು ಅತ್ತೆಗೆ ಹೇಳಿಕಳಿಸಿದೆ.

ಅತ್ತೆ ಬಂದು ಕಡ್ಡಿ ಚುಚ್ಚಿದಳು, ಜೊತೆಗೆ ತಂದಿದ್ದ ತನ್ನ ಕೊಳವೆಯನ್ನೂ ನೆಟ್ಟಳು. ಮಣ್ಣು ಕೆಸರಾಗಿದೆ ಎಂದವು ಎರಡೂ. ನನ್ನ ಸೆನ್ಸರನ್ನು ಅಲ್ಲಾಡಿಸಿದಳು. ದೊಡ್ಡ ಗುಣಿಯಲ್ಲಿ ಸಡಿಲವಾಗಿ ನಿಂತಿತ್ತು.

"ಇದು ಮಣ್ಣ ಮುಟ್ಟೇ ಇಲ್ಲ ಕಣ್ಲಾ, ಗಾಳಿ ಅಳೀತಾ ಅದೆ. ಅಲ್ಲಿ ಬೇರು ಉಸ್ರು ಕಟ್ಕಂಡು ಸಾಯ್ತಾ ಅವೆ."

"ಬಾಡೋಗವೆ ಅತ್ತೆ, ಒಂಚೂರು ಬುಡ್ತೀನಿ."

"ಒಟ್ಟೆ ಉಬ್ಬರಿಸ್ಕಂಡು ಮಲಗಿರೋನ್ಗೆ ಇನ್ನೊಂದು ಮುದ್ದೆ ಇಕ್ತೀಯಾ?"

ಅಷ್ಟು ಹೇಳಿ, ನೀರು ಬಿಡುವ ವಾಲ್ವಿನ ಮುಂದೆ ಕ್ರೇಟೊಂದನ್ನು ಬೋರಲು ಹಾಕಿ ಕೂತು ಅವರೆಕಾಯಿ ಸುಲಿಯತೊಡಗಿದಳು. "ನನ್ನ ಎಬ್ಸಿ ನೀರು ಬುಡು, ನೋಡಾನ."

ಮಾರನೆಯ ದಿನವೂ ಅವರೆಕಾಯಿ ತಂದಳು, ಅದರ ಮಾರನೆಯ ದಿನವೂ ತಂದಳು. ನಮ್ಮ ಮನೆಯಲ್ಲಿ ಅವರೆಕಾಳಿನ ಸಾರು ತಿಂದು ತಿಂದು ಸಾಕಾಯಿತು. ಕೊನೆಗೂ ಹೊಸ ಬೇರು ಬಿಟ್ಟು ಗಿಡಗಳು ತಲೆಯೆತ್ತಿದವು. ಮೊದಲ ಕಾಯಿಯ ಬುಟ್ಟಿಯನ್ನು ಅಪ್ಪ ತಾವೇ ಹೊತ್ತು ಅವಳ ಮನೆಗೆ ಕೊಟ್ಟು ಬಂದರು.

ಕಳೆದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಅವಳದೇ ಹೊಲದಲ್ಲಿ ಮಣ್ಣು ಮಾಡಿ, ತಿಥಿಯ ದಿನ ತಲೆದೆಸೆಗೆ ಹೊಂಗೆ ಸಸಿ ನೆಟ್ಟೆವು. ಬಂದ ನಂಟರೆಲ್ಲ ಕಣ್ಣೊರೆಸಿಕೊಳ್ಳುತ್ತ ಅದಕ್ಕೆ ಒಂದೊಂದು ಚೆಂಬು ನೀರು ಹುಯ್ಯತೊಡಗಿದರು. ಬುಡವೆಲ್ಲ ಕೆಸರಾಯಿತು. ನನಗೆ ತಡೆಯಲಾಗಲಿಲ್ಲ. ಸಸಿಗೆ ಅಡ್ಡವಾಗಿ ಕೂತುಬಿಟ್ಟೆ.

"ಸಾಕು ಬುಡ್ರಪ್ಪ, ಅತ್ತೆ ಬೈತಾಳೆ" ಎಂದೆ.

ಅಳುತ್ತಿದ್ದ ಮಾವನಿಗೆ ನಗು ಬಂತು. ಎದ್ದು ಮನೆಗೆ ಹೋಗಿ ಆ ಕಡ್ಡಿಯನ್ನು ತಂದು ನನ್ನ ಕೈಗಿಟ್ಟರು.

"ಚುಚ್ಚಿ ನೋಡು ಕಣ್ಲಾ ಮೊದ್ಲು" ಎಂದರು.