ಅಂಟು ಕಾಯಿಸಿದವನು

ಮಾನಪ್ಪ, ಆ ಕಾಡಿನ ಪರದೆಗೆ ಅಂಟು ಕಾಯಿಸಿದವನು ನಾನು. ಕೈತಪ್ಪಿ ನೀರು ಹೆಚ್ಚಾಗಲಿಲ್ಲ, ಬೇಕೆಂದೇ ಸುರಿದೆ. ಲಿಂಗಸುಗೂರಿನಲ್ಲಿ ಅಷ್ಟು ಮಂದಿಯ ಎದುರು ನಾನು ಹೇಳಿದ್ದು ಸುಳ್ಳು, ನೀನು ಕಿರುಚಿ ಹೇಳಿದ್ದೇ ನಿಜ. ಇಷ್ಟನ್ನು ಬರೆಯಲು ನನಗೆ ಒಂದು ಆಯುಷ್ಯವೇ ಬೇಕಾಯಿತು. ನೋಡು, ಬರೆದಾಯಿತು — ಒಂದೇ ಉಸಿರಿನ ಮಾತು. ಅಂದು ನಿನ್ನನ್ನು ಮುಗಿಸಿದ್ದೂ ಒಂದು ಉಸಿರಿನ ಮಾತೇ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬೇರೆಯವರೂ ಓದಬೇಕು. ನಿನ್ನ ಕಿವಿಯಲ್ಲಷ್ಟೇ ಉಸುರಿ ಹಗುರಾಗುವ ಹಕ್ಕು ನನಗಿಲ್ಲ.

ಸಿಂಧನೂರಿನಲ್ಲಿ ಹತ್ತಿ ಗೋದಾಮಿನ ಹಿಂದೆ ಮೌಲಾಸಾಬ ಉಸ್ತಾದರ ಕೆಲಸದ ಮನೆ. ನಾಟಕದ ಪರದೆ ಬರೆಯುವುದರಲ್ಲಿ ಆ ಸೀಮೆಗೆಲ್ಲ ಅವರದೇ ಹೆಸರು. ನಿಜಾಮರ ಆಳಿಕೆ ಹೋಗಿ ಗಲಾಟೆಗಳೆಲ್ಲ ತಣ್ಣಗಾಗಿದ್ದವು, ಊರೂರಲ್ಲಿ ಮತ್ತೆ ನಾಟಕಗಳು ಶುರುವಾಗಿದ್ದವು, ಉಸ್ತಾದರಿಗೆ ಕೈತುಂಬ ಕೆಲಸ. ಮಸ್ಕಿಯಿಂದ ಬಂದ ನಾನು ಅವರ ಹತ್ತಿರ ಮೊದಲೇ ಸೇರಿದ್ದೆ. ತುರ್ವಿಹಾಳದ ನಿನ್ನನ್ನು ಕರೆದೊಯ್ದು, "ಉಸ್ತಾದ್ರ, ಇವನ ಕೈ ಭಾಳ ಚಲೋ ಐತ್ರೀ" ಎಂದವನೂ ನಾನೇ. ಸಂತೆಯ ಹತ್ತಿರ ಒಂದು ಗೋಡೆಯ ಮೇಲೆ ನೀನು ಇದ್ದಿಲಿನಲ್ಲಿ ಬರೆದ ಕುದುರೆ ನೋಡಿದ್ದೆ. ಚಲೋ ಎಂದರೆ ಎಷ್ಟು ಚಲೋ ಎಂಬುದು ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಬಾಯಿ ಹೊಲಿದುಕೊಂಡು ಕೂಡುತ್ತಿದ್ದೆ.

ನಾನು ಬಟ್ಟೆಯ ಮೇಲೆ ದಾರ ಎಳೆದು, ಚೌಕ ಹಾಕಿ, ಒಂದೊಂದು ಚೌಕವನ್ನೂ ಅಳೆದು ಬರೆಯುವವನು. ನೀನು ಬಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡಲೆ ತಿನ್ನುತ್ತ, ಸುಮ್ಮನೆ ನೋಡುತ್ತಿದ್ದೆ. ಆಮೇಲೆ ಎದ್ದು ಕುದುರೆಯ ಗೊರಸಿನಿಂದ ಶುರು ಮಾಡುತ್ತಿದ್ದೆ — ಯಾರಾದರೂ ಗೊರಸಿನಿಂದ ಕುದುರೆ ಬರೆಯುತ್ತಾರೇನೋ! ಗೊರಸು, ಮೊಣಕಾಲು, ಎದೆ, ಕೊನೆಗೆ ಕಣ್ಣು. ಅಳಿಸಿದ್ದನ್ನು ನಾನು ಕಂಡಿಲ್ಲ. ನನ್ನ ಕುದುರೆ ಲೆಕ್ಕಕ್ಕೆ ಬರೋಬ್ಬರಿ ಇರುತ್ತಿತ್ತು, ನಿನ್ನದು ಓಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಒಮ್ಮೆ ನನ್ನವ್ವ ಮಸ್ಕಿಯಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಮಗನ ಕೆಲಸ ನೋಡಲು ಬಂದಳು. ಗೋಡೆಗೆ ನಮ್ಮಿಬ್ಬರ ಕುದುರೆಗಳನ್ನೂ ತೂಗುಹಾಕಿದ್ದೆವು. ಅವ್ವ ನನ್ನದನ್ನು ದಾಟಿ ಹೋಗಿ ನಿನ್ನದರ ಮುಂದೆ ನಿಂತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದು ನಿಂದಲ್ಲೇನಪಾ ಶರಣಾ? ನೋಡಿದ ಕೂಡ್ಲೆ ಗೊತ್ತಾತು ನನಗ."

"ಹೂಂ ಬೇ ಅವ್ವ, ನಂದ," ಎಂದೆ.

ನೀನು ಅಲ್ಲೇ ಬಣ್ಣ ಅರೆಯುತ್ತಿದ್ದೆ. ಕೇಳಿಸಿಕೊಂಡೆ, ನಕ್ಕೆ, ನನ್ನ ಮಾನ ಉಳಿಸಿದೆ. ಅವ್ವ ಊರಿಗೆ ಹೋಗಿ ಓಣಿಯಲ್ಲೆಲ್ಲ ಆ ಕುದುರೆಯ ಸುದ್ದಿ ಹೇಳಿದಳಂತೆ. ನೀನು ನಕ್ಕ ಆ ನಗು — ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಿನ್ನನ್ನು ದ್ವೇಷಿಸಲು ನನಗೊಂದು ಕಾರಣ ಬೇಕಿತ್ತು, ನೀನು ಅದನ್ನೂ ಕೊಡಲಿಲ್ಲ.

ಅಂದಿನಿಂದ ನನಗೆ ನನ್ನ ಕೆಲಸ ಕಾಣುವುದೇ ನಿಂತುಹೋಯಿತು. ಒಂದು ಎಲೆ ಬರೆದರೂ ಕುತ್ತಿಗೆ ಹೊರಳಿಸಿ ನಿನ್ನ ಎಲೆ ನೋಡುತ್ತಿದ್ದೆ. ನಸುಕಿನಲ್ಲೇ ಎದ್ದು ನಿನ್ನ ಗೆರೆಗಳ ಮೇಲೆ ಬೆರಳಾಡಿಸಿ ಕಲಿಯಲು ನೋಡಿದೆ. ಚೌಕ ಬಿಟ್ಟು ಗೊರಸಿನಿಂದ ಬರೆದೆ — ಕತ್ತೆಯಾಯಿತು. ನಿನ್ನಂತೆ ಕುಕ್ಕರಗಾಲಲ್ಲಿ ಕೂತು ಕಡಲೆ ಕೂಡ ತಿಂದೆ ಮಾರಾಯ, ಹೊಟ್ಟೆ ಕೆಟ್ಟಿತು. ಉಸ್ತಾದರು ನೋಡಿದರು. "ಶರಣ್ಯಾ, ಅವನ ಕುದುರಿ ಹತ್ತಿ ನೀ ಎಲ್ಲಿಗೂ ಮುಟ್ಟಂಗಿಲ್ಲ. ನಿನ್ನ ಕತ್ತೀನ ಛಂದಂಗ ತಿದ್ದು," ಎಂದರು. ಪ್ರೀತಿಯಿಂದಲೇ ಹೇಳಿದರು. ಅದರಷ್ಟು ಒಳ್ಳೆಯ ಮಾತು ನನಗೆ ಮತ್ತೆ ಯಾರೂ ಹೇಳಲಿಲ್ಲ. ನನಗೆ ಕೇಳಿಸಿದ್ದು ಮಾತ್ರ 'ಕತ್ತೆ' ಎಂಬುದೊಂದೇ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಪುಡಿ ಬಣ್ಣ ಬಟ್ಟೆಗೆ ಹಿಡಿಯಬೇಕಾದರೆ ಬಡಿಗೇರರ ಅಂಟನ್ನು ಕಾಯಿಸಿ ಕಲಸಬೇಕು. ಅಂಟು ಹೆಚ್ಚಾದರೆ ಪರದೆ ಸುತ್ತಿದಾಗ ಬಣ್ಣ ಸೀಳುತ್ತದೆ, ಕಡಿಮೆಯಾದರೆ ಉದುರುತ್ತದೆ. ಆದ್ದರಿಂದ ಬರೆಯುವವನು ತನ್ನ ಅಂಟು ತಾನು ಕಾಯಿಸುವ ಹಾಗಿರಲಿಲ್ಲ. ಜೊತೆಯವನು ಕಾಯಿಸಬೇಕು, ಒಣಗಿದ ಬಣ್ಣವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, 'ಹಿಡೀತು' ಎನ್ನಬೇಕು. "ಬರಿಯಾಂವಗ ಬರಿಯೂ ಅವಸರ ಇರ್ತೈತಿ, ಅಂಟಿಗೆ ಸಬೂರಿ ಬೇಕು. ಬಣ್ಣ ಒಬ್ಬಂದು, ಅಂಟು ಒಬ್ಬಂದು. ಹಂಗಿದ್ರ ಪರದೆ ಇಬ್ಬರ್ದೂ ಆಗ್ತೈತಿ" — ಇದು ಉಸ್ತಾದರ ಮಾತು. ಗೆಳೆತನ ಕಲಿಸಲು ಮಾಡಿದ ಕಟ್ಟಳೆ. ನಾನು ಅದರಿಂದ ಕಲಿತದ್ದು ಬೇರೆ.

ಲಿಂಗಸುಗೂರಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಮಾಲಕರು ಬಂದು ಎರಡು ಪರದೆ ಹೇಳಿದರು — ಒಂದು ಅರಮನೆ, ಒಂದು ಕಾಡು. ಜೊತೆಗೆ ಇನ್ನೊಂದು ಮಾತು: ಕಂಪನಿಗೆ ಒಬ್ಬ ಕಾಯಂ ಪರದೆಯವನು ಬೇಕು, ಯಾರ ಪರದೆ ಮನಸ್ಸಿಗೆ ಬರುತ್ತದೋ ಅವನೇ ಬರಲಿ. ಅರಮನೆ ನನಗೆ ಬಂತು, ಗೆರೆ ಎಳೆಯುವ ಕೆಲಸ. ಕಾಡು ನಿನಗೆ. ಉಸ್ತಾದರು ಮಗಳ ಮದುವೆಯ ಮಾತಿಗೆಂದು ಮಸ್ಕಿಗೆ ಹೋದರು. ಮನೆಯಲ್ಲಿ ನಾವಿಬ್ಬರೇ ಉಳಿದೆವು.

ನಿನ್ನ ಕಾಡು ದಿನದಿಂದ ದಿನಕ್ಕೆ ಬೆಳೆಯಿತು. ನಮ್ಮ ಕರಿ ಹೊಲದ ಸೀಮೆಯಲ್ಲಿ ಬೇವು ಜಾಲಿ ಬಿಟ್ಟರೆ ಮರವೆಲ್ಲಿದೆ? ನೀನು ಎಲ್ಲಿ ನೋಡಿದ್ದೆ ಆ ಕಾಡನ್ನು? ನಾನು ನನ್ನ ಅರಮನೆಯ ಕಂಬಗಳ ನಡುವೆ ನಿಂತು ನೋಡುತ್ತಿದ್ದೆ. ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಇದಕ್ಕಿಂತ ದೊಡ್ಡ ಮಾತಿನಲ್ಲಿ ಅದನ್ನು ಹೇಳಲಾರೆ, ಹೊಟ್ಟೆಕಿಚ್ಚಿಗೆ ಹೊಟ್ಟೆಕಿಚ್ಚೆಂದೇ ಹೆಸರು.

ಬಟ್ಟೆಗೆ ಮೊದಲು ಬಳಿಯುವ ಬಿಳಿಗೆ ಸರಿಯಾದ ಅಂಟೇ ಹಾಕಿದೆ. ಮೇಲಿನ ಹಸಿರಿಗೆ, ಕಂದು ಬಣ್ಣಕ್ಕೆ, ಆಕಾಶದ ನೀಲಿಗೆ — ಗಡಿಗೆಗೆ ನೀರು ಸುರಿದೆ. ಮತ್ತೆ ಸುರಿದೆ. ಕೈ ನಡುಗಲಿಲ್ಲ. ನಡುಗಿತು ಎಂದು ಬರೆದರೆ ನೀನು ನನ್ನನ್ನು ಸ್ವಲ್ಪ ಕ್ಷಮಿಸುತ್ತಿದ್ದೆಯೇನೋ, ಆದರೆ ನಡುಗಲಿಲ್ಲ.

"ಹಿಡೀತೇನಲೇ?" ಎಂದು ನೀನು ಇತ್ತ ತಿರುಗದೆಯೇ ಕೇಳುತ್ತಿದ್ದೆ.

"ಹಿಡೀತು," ಎನ್ನುತ್ತಿದ್ದೆ. ಹೆಬ್ಬೆರಳಿಗೆ ಹತ್ತಿದ ಹಸಿರನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದೆ.

ನೀನು ಒಮ್ಮೆಯಾದರೂ ಮುಟ್ಟಿ ನೋಡಬೇಕಿತ್ತು ಮಾನಪ್ಪ. ನೋಡಲಿಲ್ಲ — ನಾನು 'ಹಿಡೀತು' ಎಂದಿದ್ದೆನಲ್ಲ. ಅಂಟು ಕಡಿಮೆಯಾದ ಬಣ್ಣದ ಗುಣ ಇನ್ನೊಂದಿದೆ: ಒಣಗಿದ ಮೇಲೆ ಅದು ಮತ್ತಷ್ಟು ಕಳೆ ಕಟ್ಟುತ್ತದೆ. ನಾನು ಕೆಡಿಸಹೋಗಿ ನಿನ್ನ ಕಾಡು ಇನ್ನೂ ಚೆಂದವಾಯಿತು. ಮಸ್ಕಿಯಿಂದ ಮರಳಿದ ಉಸ್ತಾದರು ಅದರ ಮುಂದೆ ನಿಂತು, "ಯಾ ಅಲ್ಲಾ" ಎಂದರು. ನನ್ನ ಅರಮನೆಯ ಕಡೆ ನೋಡಿ, "ಸಾಫ್ ಐತಿ," ಎಂದರು. ಆ ಎರಡು ಮಾತನ್ನು ತೂಗಿದಾಗ ಇದ್ದಬದ್ದ ಪಶ್ಚಾತ್ತಾಪವೂ ಒಣಗಿತು. ಬಾಯಿ ಬಿಡಬಹುದಿತ್ತು, ಇನ್ನೂ ಹೊತ್ತಿತ್ತು. ಪರದೆ ಸುತ್ತಲು ನಾನೇ ಒಂದು ತುದಿ ಹಿಡಿದೆ.

ಬಂಡಿಯಲ್ಲಿ ಮಸ್ಕಿ ಹಾದು ಲಿಂಗಸುಗೂರು ಮುಟ್ಟಿದೆವು. ದಾರಿಯುದ್ದಕ್ಕೂ ನೀನು ಹಾಡಿದೆ. ಮಧ್ಯಾಹ್ನದ ಬಿಸಿಲಲ್ಲಿ ಕಂಪನಿಯವರೆಲ್ಲ ಸೇರಿದರು. ಪೇಟೆಯವರೂ ಬಂದು ನಿಂತರು. ನನ್ನ ಅರಮನೆ ಇಳಿಯಿತು, ಮಾಲಕರು ಮುಂದಿನದಕ್ಕೆ ಕೈ ತೋರಿಸಿದರು. ಆಮೇಲೆ ನಿನ್ನ ಕಾಡು. ಬಿದಿರಿನ ಗಳ ಒಂದು ಸುತ್ತು ಬಿಚ್ಚಿತು, ಆಕಾಶ ಉದುರಿತು. ಇನ್ನೊಂದು ಸುತ್ತಿಗೆ ಮರಗಳು. ನೀನು ಕೆಳಗೆ ಹಗ್ಗ ಹಿಡಿದು ಮೇಲೆ ನೋಡುತ್ತ ನಿಂತಿದ್ದೆ — ಕಣ್ಣಿಗೆ, ಬಾಯಿಗೆ, ತಲೆಗೆ ಹಸಿರು ಪುಡಿ. ಮೇಲೆ ತೂಗುತ್ತಿದ್ದದ್ದು ತೊನ್ನು ಹತ್ತಿದಂತಹ ಬಿಳಿ ಬಟ್ಟೆ.

ಜನ ನಕ್ಕರು. ಹೆಣ್ಣಿನ ಪಾತ್ರ ಮಾಡುವವನೊಬ್ಬ, "ಕಾಡು ಕಡದು ಹೊಲ ಮಾಡ್ಯಾನಲೇ!" ಎಂದ. ಮತ್ತೂ ನಕ್ಕರು. ನಾನೂ ನಕ್ಕೆ. ಹೌದು, ನಕ್ಕೆ.

ಮಾಲಕರು ಉಸ್ತಾದರ ಮೇಲೆ ಹರಿಹಾಯ್ದರು. ಅಷ್ಟು ವಯಸ್ಸಾದವರು ತಲೆ ತಗ್ಗಿಸಿ ಕೇಳಿಸಿಕೊಂಡು, ನಮ್ಮ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇದಕ್ಕ ಅಂಟು ಯಾರು ಕಾಯ್ಸಿದ್ರಿ?"

ನೀನು ನನ್ನ ಕಡೆ ನೋಡಿದೆ. ಸಿಟ್ಟಿನಿಂದಲ್ಲ — 'ಏನಾತಲೇ, ಮರತಿಯೇನ್?' ಎನ್ನುವಂತೆ. ಏನೋ ತಪ್ಪಾಗಿದೆ, ಗೆಳೆಯ ಹೇಳುತ್ತಾನೆ ಎಂದು ಕಾದೆ.

"ಈ ಸಲ ತಾನ ಕಾಯ್ಸಿಕೋತೀನಿ ಅಂದನ್ರೀ ಉಸ್ತಾದ್ರ. ಅವಸರ ಐತಿ ಅಂದ. ನಾ ಬ್ಯಾಡ ಅಂದೆ, ಕೇಳಲಿಲ್ಲ," ಎಂದೆ.

"ಸುಳ್ಳು! ಸುಳ್ಳ ಹೇಳ್ತಾನ್ರೀ! ಶರಣ್ಯಾ, ಖರೇ ಹೇಳಲೇ, ನೀ ಕಾಯ್ಸಿದ್ದಿ, ಹಿಡೀತು ಅಂದಿದ್ದಿ — ನಿಮ್ಮವ್ವನ ಆಣಿ ಮಾಡಿ ಹೇಳಲೇ!"

ಅವ್ವನ ಆಣೆ ಎಂದಾಗ ನನಗೆ ಕುದುರೆಯ ನೆನಪಾಯಿತು. ನೀನು ಈಗ ಅದನ್ನೂ ಹೇಳಿಬಿಡುತ್ತೀ ಎಂದು ಹೆದರಿದೆ. ಹತ್ತಿರ ಬಂದು, ನಿನ್ನ ಹೆಗಲಿನ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ: "ತಪ್ಪು ಆದ್ರ ಒಪ್ಪಿಕೊಂಡುಬಿಡಬೇಕೋ ಮಾನಪ್ಪ. ಒಪ್ಪಿಕೊಂಡ್ರ ಯಾರೂ ಸಣ್ಣಾವರಾಗೂದಿಲ್ಲ."

ಎಂಥ ಮಾತು! ಮಂದಿ ತಲೆದೂಗಿದರು. ನೀನು ಅವಸರದವನು, ಮರೆಗುಳಿ, ಕುಂಚ ತೊಳೆಯದೆ ಎದ್ದು ಹೋಗುವವನು. ನಾನು ಸಾಫ್ ಕೆಲಸದವನು. ಕೈಯಲ್ಲಿ ಜೀವ ಇಲ್ಲದವನಿಗೆ ಲೋಕ ಪ್ರಾಮಾಣಿಕನೆಂಬ ಹೆಸರನ್ನಾದರೂ ಕೊಟ್ಟಿರುತ್ತದೆ, ನಾನು ಅದನ್ನು ಖರ್ಚು ಮಾಡಿದೆ. ಉಸ್ತಾದರು ನಿನ್ನನ್ನು ಹೊಡೆಯಲಿಲ್ಲ. "ಅಂಟಿಗಿಂತಾ ನಿನ್ನ ಸುಳ್ಳು ಕೆಟ್ಟದ್ದು, ಹೋಗು," ಎಂದರು ಅಷ್ಟೇ. ತಲೆಯ ಮೇಲಿನ ಹಸಿರನ್ನು ಕೊಡವಿಕೊಳ್ಳದೆ ನೀನು ರಸ್ತೆ ಹಿಡಿದು ಹೋದೆ.

ನಾನು ಕಂಪನಿ ಸೇರಿದೆ. ಪರದೆಗಳನ್ನು ಬರೆದೆ, ಮಂದಿ 'ಸಾಫ್' ಎಂದರು. ನೀನು ತುಂಗಭದ್ರಾ ಕಾಲುವೆಯ ಕೆಲಸದಲ್ಲಿ ಮಣ್ಣು ಹೊರುತ್ತಿದ್ದೀ ಎಂದು ಯಾರೋ ಹೇಳಿದರು. ನೀನು ಹೋದರೆ ನನ್ನ ಕುತ್ತಿಗೆ ನೆಟ್ಟಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಪಕ್ಕದಲ್ಲಿ ನೀನು ಬರೆಯದ ಪರದೆ ಯಾವಾಗಲೂ ತೂಗುತ್ತಿತ್ತು, ಅದು ನನ್ನದಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು.

ಇಷ್ಟೇ ಆಗಿದ್ದರೆ ಎಳೆಯ ವಯಸ್ಸಿನ ಕೇಡು ಎಂದು ನೀನು ಬಿಟ್ಟುಬಿಡಬಹುದಿತ್ತು. ಜವಳಗೇರಾದಲ್ಲಿ ಆದದ್ದಕ್ಕೆ ಆ ಮಾಫಿಯೂ ಇಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಕಾಲುವೆಗೆ ನೀರು ಬಂದಿತ್ತು, ನೀನು ಜವಳಗೇರಾದಲ್ಲಿ ಭತ್ತದ ಗದ್ದೆಯ ಕೂಲಿಗೆ ನಿಂತಿದ್ದೆ. ಕಂಪನಿಯ ಕೆಲಸಕ್ಕೆ ಆ ದಾರಿಯಲ್ಲಿ ಬಂದ ನನ್ನನ್ನು ನೀನೇ ಗುರುತು ಹಿಡಿದು ಮನೆಗೆ ಕರೆದೆ. ಚಹಾ ಕೊಡಿಸಿದೆ. ನಿನ್ನ ತಂಗಿ ಹುಲಿಗೆಮ್ಮ, ಲಂಗ ಉಟ್ಟ ಹುಡುಗಿ, ಅಂಗಳದ ಗೋಡೆಗೆ ಇದ್ದಿಲಿನಲ್ಲಿ ಕುದುರೆ ಬರೆಯುತ್ತಿದ್ದಳು. ಗೊರಸಿನಿಂದ. ನೀನು ಎದ್ದು ಹೋಗಿ ಅವಳ ಕೈಯಿಂದ ಇದ್ದಿಲು ಕಸಿದು ಬಿಸಾಕಿದೆ.

"ಬ್ಯಾಡ ಅಂದೀನಿಲ್ಲ? ನಮ್ಮ ಮನಿತನಕ್ಕ ಬಣ್ಣ ಹಿಡಿಯಂಗಿಲ್ಲ."

ಆಮೇಲೆ ನನ್ನ ಪಕ್ಕ ಕೂತು, ನೆಲ ನೋಡುತ್ತ ಹೇಳಿದೆ: "ಶರಣ್ಯಾ, ಭಾಳ ವಿಚಾರ ಮಾಡೀನಿ. ನೀ ಯಾಕ ಸುಳ್ಳ ಹೇಳ್ತಿ? ನನ್ನ ಕರಕೊಂಡು ಹೋದಾಂವನ ನೀ. ಅವಸರದಾಗ ನಾನ ಕಾಯ್ಸಿ ಮರತಿದ್ನೇನೋ… ಮಂದ್ಯಾಗ ನಿನ್ನ ಮ್ಯಾಲ ಹಾಕಿದ್ನಲ್ಲೋ. ತಪ್ಪಾತು ಬಿಡಪಾ. ಸಿಟ್ಟಿಟ್ಕೋಬ್ಯಾಡ."

ನೀನು ನನ್ನ ಹತ್ತಿರ ಮಾಫಿ ಕೇಳಿದೆ, ಮಾನಪ್ಪ. ನಾನು — ನಾನು ಗೋಡೆಯ ಮೇಲಿನ ಆ ಅರೆ ಕುದುರೆಯನ್ನು ನೋಡುತ್ತಿದ್ದೆ. ಮೊಣಕಾಲಿನವರೆಗೆ ಬಂದಿತ್ತು. ಅಷ್ಟರಲ್ಲೇ ಗೊತ್ತಾಯಿತು, ಈ ಹುಡುಗಿಯೂ ನನಗಿಂತ ಮುಂದೆ. ಹುಡುಗಿ ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು, ಪರದೆ ಬರೆಯುವ ದೊಡ್ಡವನು ಏನಾದರೂ ಹೇಳುತ್ತಾನೆಂದು.

"ಇರ್ಲಿ ಬಿಡು, ಎಂದೋ ಆದದ್ದು," ಎಂದೆ ನಿನಗೆ. ಅವಳಿಗೆ, "ಅಣ್ಣನ ಮಾತು ಕೇಳವ್ವ. ಇದು ನಿನಗ ಬರೂ ಕೆಲಸಲ್ಲ," ಎಂದೆ. ಚಹಾ ಮುಗಿಸಿಯೇ ಎದ್ದೆ.

ಒಬ್ಬನ ಕೈ ಮುರಿದೆ. ಮುರಿದವನು ನಾನೆಂಬ ನೆನಪನ್ನೂ ಅವನಿಂದ ಕಿತ್ತುಕೊಂಡೆ. ಸಾಲದ್ದಕ್ಕೆ ಅವನ ತಂಗಿಯದೂ… ಅಂದು ನನಗೆ ಮೀಸೆ ಬಲಿತಿತ್ತು, ಕಾಯಂ ಕೆಲಸವಿತ್ತು, ಯಾವ ಹೆದರಿಕೆಯೂ ಇರಲಿಲ್ಲ. ನೆಪಕ್ಕೆ ಒಂದು ಕಾರಣವೂ ಇರಲಿಲ್ಲ.

ಉಸ್ತಾದರಿಗೆ ಹೇಳುವುದು ಆಗಲಿಲ್ಲ, ಅವರು ತೀರಿಕೊಂಡರು. ನೀನು ಇನ್ನೂ ಜವಳಗೇರಾದಲ್ಲೇ ಇದ್ದೀ, ಹುಲಿಗೆಮ್ಮ ಅದೇ ಊರಿಗೆ ಸೊಸೆಯಾಗಿ ಅಲ್ಲೇ ಇದ್ದಾಳೆ ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಈ ಬರಹ ನಿಮ್ಮ ಕೈ ಸೇರಿದ ಬೆನ್ನಿಗೇ ನಾನು ಜವಳಗೇರಾಕ್ಕೆ ಬರುತ್ತೇನೆ. ಮನೆಯೊಳಗೆ ಕರೆಯಬೇಡ, ಚಹಾ ಬೇಡ. ಓಣಿಯಲ್ಲಿ ಮಂದಿ ಇರುವ ಹೊತ್ತಿಗೆ ಬರುತ್ತೇನೆ. ಅಂದು ಮಂದಿ ಇದ್ದರಲ್ಲ. ಹುಲಿಗೆಮ್ಮನ ಮೊಮ್ಮಕ್ಕಳೂ ನಿಂತು ಕೇಳಲಿ, ಆ ಮನೆತನಕ್ಕೆ ಬಣ್ಣ ಏಕೆ ಹಿಡಿಯಲಿಲ್ಲ ಎಂದು. ನೀನು ಉಗುಳಿದರೆ ಒರೆಸಿಕೊಳ್ಳುವುದಿಲ್ಲ.

ತಪ್ಪು ಆದರೆ ಒಪ್ಪಿಕೊಂಡುಬಿಡಬೇಕು ಎಂದು ನಿನಗೆ ಬುದ್ಧಿ ಹೇಳಿದ್ದೆ. ಒಪ್ಪಿಕೊಂಡರೆ ಯಾರೂ ಸಣ್ಣವರಾಗುವುದಿಲ್ಲ ಎಂದೂ ಹೇಳಿದ್ದೆ. ಅದೂ ಸುಳ್ಳು ಮಾನಪ್ಪ. ಆಗುತ್ತಾರೆ. ಆಗಲೆಂದೇ ಬರುತ್ತಿದ್ದೇನೆ.